ಹತ್ತರಲ್ಲಿ ಇಬ್ಬರು

ಕ್ಯಾನ್ಸರ್ ಅಂತ ಮೂತ್ರಚೀಲವನ್ನ ಎರಡನೇ ಸಲ ಕೆರೆಸಿಕೊಂಡವರು ರಿಪೋರ್ಟಿಗೆ ಕಾಯೋ ಬೆಂಚು ಅದು. ನಿದ್ದೆ ಹೋದ ತಮ್ಮನ ಪಕ್ಕ ಕೂತ ಅಜ್ಜಿಗೆ ಮೈಯೆಲ್ಲ ಕಿವಿ.

“ಹತ್ತರಲ್ಲಿ ಇಬ್ಬರಿಗೆ ಮತ್ತೆ ಬಂದಿರುತ್ತಂತೆ, ಡಾಕ್ಟ್ರು ಅಂದ್ರು,” ಅಂದ ಆಚೆ ಪಕ್ಕ ಕೂತಿದ್ದ ದರ್ಜಿ, ಹೆಂಡತಿಗೆ.

“ಒಳಗೆ ಹೋದವನನ್ನೂ ಸೇರಿಸಿದ್ರೆ ಇಲ್ಲಿ ಹತ್ತೇ ಜನ ಕಣ್ರೀ,” ಅಂದಳು ಹೆಂಡತಿ.

“ಸುಮ್ನಿರೇ, ಅದೇನು ಪಾಲು ಹಂಚೋ ಲೆಕ್ಕಾನಾ?”

ಒಳಗೆ ಹೋದವನು ಅಳ್ತಾ ಹೊರಗೆ ಬಂದ.

“ಒಬ್ಬ ಆಯ್ತು. ಇನ್ನೊಬ್ಬರು ಸಿಕ್ಕಿದ್ರೆ ನೀವು ಪಾರು.” ಅವಳು ನಗ್ತಾ ಅಜ್ಜಿ ಕಡೆ ತಿರುಗಿದಳು. “ಅಜ್ಜೀ, ನಿಮಗೂ ಕೆರೆದ್ರಾ?”

“ನನ್ನನ್ನ ಯಮ ಮರೆತು ನೂರು ವರ್ಷ ಆಯ್ತು ತಾಯಿ. ಕೆರೆದಿದ್ದು ಇವನಿಗೆ, ನನ್ನ ತಮ್ಮನಿಗೆ.”

ದರ್ಜಿ ಹೆಂಡತಿಯ ಕಣ್ಣು ತಮ್ಮನ ಮೇಲೆ ಕೂತಿತು. ದರ್ಜಿಯನ್ನ ಕರೆದಾಗ ಜೊತೆಗೆ ಹೋಗ್ತಾನೂ ತಿರುತಿರುಗಿ ನೋಡಿದಳು.

ದೃಷ್ಟಿ ತಾಗದಿರಲಿ ಅಂತ ಅಜ್ಜಿ ತಮ್ಮನ ಮುಖಕ್ಕೆ ಟವೆಲ್ ಹೊದಿಸಿದಳು. ನೋಡಿದ್ರೆ, ಥೇಟ್ ಹೆಣ. ಸರಕ್ಕನೆ ಎಳೆದು ತೆಗೆದಳು.