ಮತ್ತೆ ನೆಟ್ಟಗಾಗುವ ತಂತಿ

ಸಹನೆ ದೊಡ್ಡ ಗುಣ ಅಂತ ಈಗ ಪ್ರವಚನದಲ್ಲಿ ಹೇಳ್ತಿದ್ದೆ. ಆದರೆ ಯಾರ ಸಹನೆ? ನಮ್ಮದೋ, ನಮ್ಮ ಮನೆಯವರದೋ? ಇದಕ್ಕೊಂದು ಕಥೆ ಕೇಳಿ.

ಒಂದೂರು. ಆ ಊರಿಗೆ ಒಬ್ಬನೇ ಸಾಹುಕಾರ. ದುಡ್ಡಿತ್ತು, ದವಡೆ ಹಲ್ಲಲ್ಲಿ ಹುಳುಕೂ ಇತ್ತು. ಹಲ್ಲುನೋವಿಗೆ ಬಡವ ಬಲ್ಲಿದ ಅನ್ನೋ ಭೇದ ಇದೆಯಾ? ಇಲ್ಲ ನೋಡಿ. ಕೆನ್ನೆ ಹಿಡಕೊಂಡು ದಂತವೈದ್ಯೆ ಹತ್ತಿರ ಹೋದ. ರೂಟ್ ಕೆನಾಲ್ ಮಾಡಬೇಕು ಅಂದಳು ಆಕೆ. ಕುರ್ಚಿಯಲ್ಲಿ ಒರಗಿಕೊಂಡೇ ಸಾಹುಕಾರ ಮನೆಗೆ ಫೋನು ಮಾಡಿದ. "ಸಂಜೆ ಊಟಕ್ಕೆ ಇನ್ನೂ ಹತ್ತು ಜನ ಜಾಸ್ತಿ ಬರ್ತಾರಮ್ಮ." ಆ ಕಡೆಯಿಂದ ಹಿರೀ ಸೊಸೆ, "ಆಗಲಿ ಮಾವ." ಆ ಹೆಣ್ಣುಮಗಳ ಬಾಯಲ್ಲಿ 'ಆಗಲ್ಲ' ಅನ್ನೋದನ್ನ ಯಾರೂ ಕೇಳಿರಲಿಲ್ಲ.

ಈಗ ವೈದ್ಯೆಯ ಕೆಲಸ ನೋಡಿ. ಹಲ್ಲಿನ ಬೇರಿನೊಳಗೆ ಒಂದು ಸಣ್ಣ ನಾಳ. ಅದೂ ಸೊಟ್ಟ. ಅದರೊಳಗೆ ಸೂಜಿಗಿಂತ ತೆಳ್ಳನೆಯ ತಂತಿ ಇಳಿಸಿ, ತಿರುಗಿಸಿ, ಕೊಳೆತದ್ದನ್ನೆಲ್ಲ ಕೆರೆದು ತೆಗೀಬೇಕು. ಫೈಲ್ ಅಂತಾರೆ ಅದಕ್ಕೆ. ನಾಳ ಎಲ್ಲಿ ಬಾಗುತ್ತೋ ಅಲ್ಲಿ ಅದೂ ಬಾಗುತ್ತೆ. ಹೊರಗೆ ತೆಗೆದರೆ ಮತ್ತೆ ನೆಟ್ಟಗೆ! ಎಂಥ ಲೋಹ, ಎಂಥ ಕೈ! ನನಗಂತೂ ಎರಡಕ್ಕೂ ಕೈಮುಗಿಯೋಣ ಅನ್ನಿಸುತ್ತೆ.

ಒಂದು ಬೇರು ಮುಗೀತು. ಆಕೆ ಫೈಲಿನ ಹಿಡಿ ಮೇಲೆ ಒಂದು ಗೆರೆ ಹಾಕಿದಳು, ಹಳೇ ಗೆರೆಗಳ ಜೊತೆ ಎಣಿಸಿದಳು, ಅದನ್ನ ಬಿಸಾಕಿ ಹೊಸದು ತಗೊಂಡಳು.

ಸಾಹುಕಾರ ಮರಗಟ್ಟಿದ ಬಾಯಲ್ಲೇ ಗೊಣಗಿದ. "ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ, ಹೊಳೀತಿತ್ತು!"

"ಅದೇ ಇದರ ಕಷ್ಟ ಯಜಮಾನ್ರೇ. ಬೇರೆ ತಂತಿ ಸೊಟ್ಟಗಾದ್ರೆ ಕಣ್ಣಿಗೆ ಕಾಣುತ್ತೆ. ಇದು ಎಷ್ಟು ಬಗ್ಗಿಸಿದ್ರೂ ನೆಟ್ಟಗಾಗುತ್ತೆ. ಒಳಗೊಳಗೇ ದಣಿದಿರುತ್ತೆ, ಹೇಳಲ್ಲ. ಒಂದಿನ ಬೇರಿನೊಳಗೇ ಪಟ್ ಅಂತ ಮುರಿಯುತ್ತೆ. ಆ ಚೂರು ತೆಗೆಯೋದು ಬಹಳ ಕಷ್ಟ. ಅದು ಹೇಳಲಿ ಅಂತ ನಾನು ಕಾಯಲ್ಲ, ಎಷ್ಟು ಸಲ ಬಳಸಿದೆ ಅಂತ ಗೆರೆ ಹಾಕಿ ನಾನೇ ಎಣಿಸ್ತೀನಿ."

ಹಲ್ಲಿನ ಕೆಲಸ ಮುಗೀತು, ಸಾಹುಕಾರ ಎದ್ದ. ಮನೆಗೆ ಬಂದವನು, ಎಂದೂ ಇಲ್ಲದ್ದು, ಅಡುಗೆಮನೆಗೆ ಹೋದ. ಸೊಸೆಯ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು.

"ಇದು ಯಾವಾಗಿಂದ ತಾಯಿ?"

"ಯುಗಾದಿಯಿಂದ ಮಾವ. ಪರವಾಗಿಲ್ಲ."

ಆಗ ದಸರಾ ಕಳೆದಿತ್ತು! ದಿನಾ ಅದೇ ಕೈಯಿಂದ ಬಡಿಸಿಕೊಂಡು ಉಂಡಿದ್ದ ಪುಣ್ಯಾತ್ಮ. ಅವನಿಗೆ ನಾಚಿಕೆಯಾಯಿತು, ಅಳು ಬಂತು. ಒಬ್ಬೊಬ್ಬರಿಗೂ ಫೋನು ಮಾಡಿ ಇವತ್ತು ಊಟ ಇಲ್ಲ ಅಂದ. ಸೊಸೆಯನ್ನ ತಾನೇ ಆಸ್ಪತ್ರೆಗೆ ಕರಕೊಂಡು ಹೋದ. ಭೇಷ್ ಅನ್ನಬೇಕು ಅವನಿಗೆ.

ಹಿಂದೆ ಯಾರೋ ನಗ್ತಿದ್ದೀರಿ. ಸೊಸೇನ ತಂತಿ ಥರ ಬಿಸಾಕಿ ಅಂತ ನಾನು ಹೇಳ್ತಿಲ್ಲಪ್ಪಾ! ತಂತಿಗೆ ದಣಿವು ಆರಲ್ಲ, ಮನುಷ್ಯರಿಗೆ ಆರುತ್ತೆ, ಆರೋಕೆ ಬಿಟ್ಟರೆ. ನಾವು ಬಿಡ್ತೀವಾ? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ನಮ್ಮ ನಿಮ್ಮ ಮನೆ ನೋಡೇ ಅಂದಿರಬೇಕು. "ಸುಸ್ತಾಗಿದೆಯಾ" ಅಂತ ಕೇಳಬೇಡಿ, ಇಲ್ಲ ಅಂತಾರೆ. ಕೈ ನೋಡಿ. ಆ ಕೈಯಲ್ಲಿರೋ ಕೆಲಸ ಇಸಕೊಳ್ಳಿ.

ನಾಳೆಯಿಂದ ಅಂತೀರಾ? ಇಲ್ಲೇ ಹಿಂದುಗಡೆ ದಾಸೋಹದ ಮನೇಲಿ ತಾಯಂದಿರು ಬೆಳಗಿನಿಂದ ಒಲೆ ಮುಂದೆ ಇದ್ದಾರೆ. ಈ ಕಥೆ ಕೇಳೋಕೂ ಬಂದಿಲ್ಲ ಅವರು. ಗಂಡಸರೆಲ್ಲ ಏಳಿ. ಇವತ್ತು ಪಂಕ್ತಿಯಲ್ಲಿ ಮೊದಲು ಅವರು ಕೂರಲಿ, ನಾವು ಬಡಿಸೋಣ. ಸಾರಿನ ಬಕೆಟ್ ನನಗೆ ಕೊಡಿ.