ಬೀಸೋನು, ಕಾಯೋನು

ಹಲೋ… ಯಾರು ಮಾತಾಡ್ತಿರೋದು?… ಸ್ವಲ್ಪ ಜೋರಾಗಿ ಹೇಳಿ, ಗಾಡಿ ಸದ್ದು ಬರ್ತಿದೆ…

ಓ, ಸುಧನ್ವನಾ? ನಂಬರು ನೋಡ್ಲಿಲ್ಲ ಕಣೋ, ಕನ್ನಡಕ ಒಳಗಿದೆ. ಗ್ಯಾರೇಜಲ್ಲಿ ನಿಂತಿದ್ದೆ. ಇವರಿಬ್ಬರೂ ಬೇಸ್‌ಬಾಲ್ ಗ್ಲೌಸಿಗೆ ಅದೇನೋ ಎಣ್ಣೆ ಹಚ್ಚಿ ಇಟ್ಟಿದ್ದಾರೆ. ಬಾಗಿಲು ತೆಗೆದ ತಕ್ಷಣ ಮೈಸೂರಿನ ನಮ್ಮ ಜಗುಲಿ ವಾಸನೆ ಬಂತು. ನಮ್ಮಣ್ಣ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಉಜ್ಜಿ ಕಂಬಕ್ಕೆ ಒರಗಿಸಿ ಇಡ್ತಿದ್ದ. ಧೂಳು ಅಂಟುತ್ತೆ ಅಂತ ಅವತ್ತು ಅಂಗಳ ಗುಡಿಸೋ ಹಾಗಿರ್ಲಿಲ್ಲ. ನನಗದೇ ಖುಷಿ. ಸುಮ್ನೆ ನಿಂತು ಅದನ್ನೇ ಮೂಸ್ತಿದ್ದೆ… ಹಾಂ, ಹೇಳು. ಊಟ ಆಯ್ತಾ?…

ಯಾಕೋ ಒಂಥರಾ ಮಾತಾಡ್ತಿದ್ದೀಯ?… ಇಬ್ಬರೂ ಮನೇಲೇ ಇದ್ದಾರಪ್ಪ. ಇವತ್ತು ಆಟ ಇಲ್ವಲ್ಲ. ರಮೋನ್ ಸೋಫಾ ಮೇಲೆ ಮಲಗಿದ್ದಾನೆ. ಎಥನ್ ಬಟ್ಟೆ ಮಡಚ್ತಿದ್ದಾನೆ. ಮೊನ್ನೆ ನನ್ನ ಸೀರೆನೂ ಮಡಚಿ ಇಟ್ಟಿದ್ದ, ಬೆಡ್‌ಶೀಟ್ ಮಡಚೋ ಹಾಗೆ ಚೌಕವಾಗಿ. ನಾನು ಬಿಚ್ಚಲಿಲ್ಲ, ಹಾಗೇ ಬೀರುವಲ್ಲಿಟ್ಟೆ…

ಅವರಿಗೆ ಕೇಳಿಸಬಾರದಾ?… ಸರಿ, ಹಿತ್ತಲಿಗೆ ಹೋಗ್ತೀನಿ. ತಡಿ, ಚಪ್ಪಲಿ… ಹಾಂ, ಮೆಟ್ಟಿಲ ಮೇಲೆ ಕೂತೆ. ಬೆಳಗ್ಗೆಯಿಂದ ನಿಂತೇ ಇದ್ದೀನಿ, ಕಾಲು ನನ್ನದಲ್ಲ ಅನ್ನೋ ಹಾಗಾಗಿದೆ. ನೀನು ಇಂಗ್ಲಿಷಲ್ಲೇ ಹೇಳು, ನಾನು ಕನ್ನಡದಲ್ಲಿ ಮಾತಾಡ್ತೀನಿ. ಹೆಸರು ಮಾತ್ರ ಎತ್ತಲ್ಲ, ಅಡುಗೆಮನೆ ಕಿಟಕಿ ತೆಗೆದಿದೆ. ಯಾವ ಭಾಷೇಲಿ ಹೇಳಿದ್ರೂ ಹೆಸರು ಹೆಸರೇ ಅಲ್ವಾ? ಸೋಫಾ ಮೇಲಿರೋನು ಬೀಸೋನು. ಬಟ್ಟೆ ಮಡಚ್ತಿರೋನು ಕಾಯೋನು. ಅವರಿಬ್ಬರ ಬ್ಯಾಟಿಂಗು ನೋಡಿದೋರಿಗೆ ಬೇರೆ ಹೆಸರು ಬೇಕಿಲ್ಲ…

ಏನು?… ಇನ್ನೊಂದು ಸಲ ಹೇಳು… ಟೀಮಿಂದ ತೆಗೀತಾರಾ?… ಇವರಿಬ್ಬರಲ್ಲಿ ಒಬ್ಬನ್ನ… ಯಾವಾಗ?… ನಾಳೆ ಬೆಳಗ್ಗೆ ಟೀಮಿನ ಬಸ್ಸು ಅವನನ್ನ ಬಿಟ್ಟು ಹೊರಡುತ್ತಾ?…

ಅಯ್ಯೋ ಪಾಪ. ಮೇ ತಿಂಗಳಲ್ಲಿ ಇಬ್ಬರನ್ನೂ ನೀನೇ ತಂದು ಬಿಟ್ಟೆಯಲ್ಲೋ. ಚಿಕ್ಕ ಟೀಮು ಅಜ್ಜಿ, ಇವರಿಗೆ ಕೊಡೋ ಸಂಬಳದಲ್ಲಿ ಇಲ್ಲಿ ರೂಮು ಸಿಗಲ್ಲ, ನಿಮ್ಮನೇಲಿ ಖಾಲಿ ಇದೆಯಲ್ಲ ಅಂತ. ಮೊಟ್ಟೆ ಬೇಯಿಸಲ್ಲ ನಮ್ಮನೇಲಿ ಅಂದಿದ್ದಕ್ಕೆ ಇಬ್ಬರೂ ತಲೆ ಆಡಿಸಿದ್ರು. ಈಗ ಉಪ್ಪಿಟ್ಟಿಗೆ ನಿಂಬೆಹಣ್ಣು ಎಲ್ಲಿ ಅಂತ ಅವರೇ ಕೇಳ್ತಾರೆ…

ನೋಡು, ಆ ಬೀಸೋನಿಗೆ ಸ್ವಲ್ಪ ಟೈಮು ಕೊಡಬೇಕು ಕಣೋ. ಬೀಸ್ತಾನೆ, ಹೌದು. ಬೂಟಿನ ಹತ್ರ ಬಂದಿದ್ದಕ್ಕೂ ಬೀಸ್ತಾನೆ, ಕಿವಿ ಹತ್ರ ಬಂದಿದ್ದಕ್ಕೂ ಬೀಸ್ತಾನೆ. ಮನೇಲೂ ಹಾಗೇ. ದೋಸೆ ಕಾವಲಿಯಿಂದ ಏಳೋ ಮುಂಚೆ ತಟ್ಟೆ ಚಾಚ್ತಾನೆ. ಒಂದಿನ ನಾನೇ ಕೇಳಿದೆ, ಯಾಕಪ್ಪಾ ಇಷ್ಟು ಆತುರ? ಕೆಟ್ಟ ಬಾಲು ನಾಲ್ಕು ಬಿಟ್ರೆ ನಡ್ಕೊಂಡೇ ಮೊದಲ ಬೇಸಿಗೆ ಹೋಗಬಹುದಲ್ಲ ಅಂತ. ನಕ್ಕುಬಿಟ್ಟ. ಅವನು ಹುಟ್ಟಿ ಬೆಳೆದ ದ್ವೀಪದಲ್ಲಿ ಹುಡುಗರನ್ನ ಆರಿಸೋಕೆ ಇಲ್ಲಿಂದ ಜನ ಹೋಗ್ತಾರಂತೆ. ಬಿಸಿಲಲ್ಲಿ ಉದ್ದಕ್ಕೆ ಸಾಲು. ಒಬ್ಬೊಬ್ಬನಿಗೆ ಸಿಗೋದು ನಾಲ್ಕಾರು ಬಾಲು. ಒಳ್ಳೇದು ಬರ್ಲಿ ಅಂತ ಬಿಟ್ಟು ನಿಂತವನ ಕಡೆ ಯಾರೂ ತಿರುಗಿ ನೋಡಲ್ಲವಂತೆ. ಬೀಸಿ ಬೀಸೇ ಅವನು ಸಮುದ್ರ ದಾಟಿದ್ದು. ಈಗ ಏಕಾಏಕಿ ನಿಲ್ಲು ಅಂದ್ರೆ ಹ್ಯಾಗೆ ನಿಲ್ತಾನೆ ಹೇಳು? ನಿಮ್ಮ ಮ್ಯಾನೇಜರಿಗೆ ಇದನ್ನ…

ಹಾಂ?… ಅವನಲ್ವಾ?… ಕಾಯೋನಾ?…

ಇಲ್ಲ, ಕೇಳಿಸ್ತಿದೆ. ಲೈನು ಹೋಗಿಲ್ಲ. ಕಿಟಕಿಗೆ ದೂರ ಆಗ್ಲಿ ಅಂತ ಒಂದು ಮೆಟ್ಟಿಲು ಕೆಳಗಿಳಿದು ಕೂತೆ…

ಅವನಪ್ಪ ನೆಬ್ರಾಸ್ಕದಲ್ಲಿ ದಿನಾ ಸಂಜೆ ಹೊಲದ ಪಕ್ಕ ನಿಂತು ಅವನಿಗೆ ಬಾಲು ಎಸೀತಿದ್ದರಂತೆ, ಗೊತ್ತಾ ನಿನಗೆ? ಬಕೆಟ್ ತುಂಬ ಬಾಲು. ಬೇಡ ಅನ್ನಿಸಿದ್ರೆ ಬಿಡು ಮಗನೇ, ಇನ್ನೊಂದು ಎಸೀತೀನಿ ಅಂತಿದ್ದರಂತೆ. ಇನ್ನೊಂದು ಬಂದೇ ಬರುತ್ತೆ ಅಂತ ಗೊತ್ತಿರೋನು ಕಾಯಬಹುದು ಅಲ್ವಾ? ಆ ಇನ್ನೊಬ್ಬನಿಗೆ ಯಾವತ್ತೂ ಇನ್ನೊಂದು ಬಾಲು ಇರ್ಲೇ ಇಲ್ಲ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಥರ ಬ್ಯಾಟು ಹಿಡಿದು ನಿಲ್ತಾರೆ. ಆದ್ರೆ ಒಬ್ಬ ನಿಂತಿರೋದು ಬಿಸಿಲಿನ ಸಾಲಲ್ಲಿ, ಒಬ್ಬ ಅಪ್ಪನ ಹೊಲದಲ್ಲಿ. ಆಡೋದು ನೋಡ್ತಾ ನೋಡ್ತಾ ನನಗೆ ಹಾಗನ್ನಿಸುತ್ತೆ…

ನಾವು ಕ್ರಿಕೆಟ್ ನೋಡಿ ಬೆಳೆದೋರು. ಹೊಡೆಯದೆ ಬಾಲು ಬಿಡೋನಿಗೆ ನಮ್ಮಲ್ಲಿ ಮರ್ಯಾದೆ. ಊಟದ ಹೊತ್ತಿನವರೆಗೂ ಬಿಟ್ಕೊಂಡೇ ನಿಂತವನನ್ನ ನಮ್ಮಣ್ಣ ದೊಡ್ಡ ಮನುಷ್ಯ ಅಂತಿದ್ದ. ಅದಕ್ಕೇ ಈ ಕಾಯೋನು ಮೊದಲ ದಿನದಿಂದ ನನಗೆ ಮೆಚ್ಚು… ಏನಂತೀಯ? ಟೀಮಿಗೆ ಬಾಲುಬಾಲಿನ ಲೆಕ್ಕ ಇಡೋನು ನೀನಲ್ವಾ, ನಿನ್ನ ಕಂಪ್ಯೂಟರು ಏನನ್ನುತ್ತೆ?…

ನೇರ ಮಧ್ಯಕ್ಕೇ ಎಸೀತಿದ್ದಾರಾ ಈಗ?… ಇವನು ಬೀಸಲ್ಲ ಅಂತ ಎದುರಿನ ಟೀಮುಗಳಿಗೆಲ್ಲ ಗೊತ್ತಾಗಿಹೋಗಿದೆ. ಹೌದಪ್ಪ, ಈ ಆಟದಲ್ಲಿ ಒಳ್ಳೇ ಬಾಲು ಮೂರು ಬಿಟ್ರೆ ಔಟೇ ಅಲ್ವಾ. ಕ್ರಿಕೆಟ್ಟಿನ ಹಾಗೆ ದಿನವಿಡೀ ಯಾರೂ ಕಾಯಕ್ಕೆ ಬಿಡಲ್ಲ…

ನನಗೂ ಕಾಣಿಸಿತ್ತು ಕಣೋ. ಶನಿವಾರ ಆಟ ನೋಡೋಕೆ ಬಂದಿದ್ದೆನಲ್ಲ. ಸೊಂಟದ ಮಟ್ಟಕ್ಕೆ ಬಂತು, ನನ್ನಂಥ ಮುದುಕಿಗೂ ಹೊಡೆಯೋಣ ಅನ್ನಿಸೋ ಬಾಲು. ಅವನ ಕಣ್ಣು ಅದನ್ನ ಕೊನೇವರೆಗೂ ನೋಡ್ತು. ಕೈ ಏಳಲಿಲ್ಲ. ಕಾಯೋದು ಬೇರೆ, ಕೈ ಏಳದೆ ನಿಲ್ಲೋದು ಬೇರೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತೆ, ಅಷ್ಟೆ. ಔಟಾಗಿ ವಾಪಸ್ ಬರ್ತಾ, ಯಾರದೋ ಹೆಲ್ಮೆಟ್ಟು ಕೆಳಗೆ ಬಿದ್ದಿತ್ತು, ಅದನ್ನ ಎತ್ತಿ ಒರೆಸಿ ಅದರ ಜಾಗದಲ್ಲಿಟ್ಟ. ಅಂಥ ಹೊತ್ತಲ್ಲಿ. ಬೀಸೋನಾದ್ರೆ ಔಟಾದ ಮೇಲೆ ಬೈಕೊಂಡು, ನಕ್ಕೊಂಡು, ಕಡಲೆಬೀಜ ತಿನ್ನೋಕೆ ಶುರು ಮಾಡ್ತಾನೆ. ಅವನಿಗೆ ಅದು ಅಲ್ಲಿಗೇ ಮುಗೀತು. ಇವನು ಮನೆಗೆ ತರ್ತಾನೆ. ಅವತ್ತು ಎರಡನೇ ಸಲ ಅನ್ನ ಹಾಕಿಸ್ಕೊಳ್ಳಲಿಲ್ಲ…

ಹಾಂ, ಹೇಳು… ಯಾರು? ನಾನಾ?… ನಾನು ಯಾಕೋ ಹೇಳ್ಲಿ ಅವನಿಗೆ?… ಮ್ಯಾನೇಜರು ಹೇಳು ಅಂದಿದ್ದು ನಿನಗೆ ತಾನೆ? ಇವತ್ತೇ ಹೇಳು, ಗಂಟು ಕಟ್ಟಿಕೊಳ್ಳೋಕೆ ಹೊತ್ತು ಸಿಗುತ್ತೆ ಅಂದಿದ್ದು?…

ಅಜ್ಜಿ ಮೆತ್ತಗೆ ಹೇಳ್ತಾರೆ ಅಂತಾ? ಹೂಂ. ಸುಧನ್ವ, ಈ ಮಾತು ನಾನು ಲಂಗ ಹಾಕ್ಕೊಳ್ತಿದ್ದಾಗಿಂದ ಕೇಳ್ತಿದ್ದೀನಿ. ನಿಮ್ಮ ತಾತ ಹೋದಾಗ ಮೈಸೂರಿನ ಆಸ್ಪತ್ರೇಲಿ ಅಷ್ಟು ಜನ ಇದ್ವಿ. ಇಲ್ಲಿದ್ದ ನಿಮ್ಮಮ್ಮನಿಗೆ ಫೋನು ಮಾಡೋರು ಯಾರು ಅಂದಾಗ ಎಲ್ಲರೂ ನನ್ನ ಕಡೆ ನೋಡಿದ್ರು, ನನ್ನ ತಂಗಿ ಕೂಡ. ಊರ್ಮಿಳಾ ಹೇಳ್ಲಿ, ಅವಳು ಮೆತ್ತಗೆ ಹೇಳ್ತಾಳೆ ಅಂದ್ರು. ಹೆಣ್ಣು ಒಪ್ಪಿಗೆಯಾಗಲಿಲ್ಲ ಅಂತ ಆ ಮನೆಗೆ ಹೇಳೋದೂ ನಾನೇ, ಪಾಸಾಗಲಿಲ್ಲ ಅಂತ ಹುಡುಗರಿಗೆ ಹೇಳೋದೂ ನಾನೇ. ಮೆತ್ತಗೆ ಹೇಳಿದ್ರೆ ಕೇಳೋನಿಗೇನೂ ನೋವು ಕಡಿಮೆಯಾಗಲ್ಲ ಕಣೋ. ಹೇಳಬೇಕಾಗಿದ್ದೋರು ಹಗುರಾಗ್ತಾರೆ, ಅಷ್ಟೆ. ನನಗೆ ಸುಸ್ತಾಗಿದೆ ಮಗು…

ಇಲ್ಲ, ಬೈತಿಲ್ಲ… ಬೈತಿಲ್ಲಪ್ಪ. ಕಣ್ಣೊರೆಸ್ಕೋ, ಫ್ರೀವೇಲಿದ್ದೀಯ. ಬಲಗಡೆ ಲೇನಿಗೆ ಬಾ ಮೊದಲು…

ಗೊತ್ತು. ನಿನ್ನ ಲೆಕ್ಕ ನೋಡಿ ತೀರ್ಮಾನ ಮಾಡಿದ್ರು, ಅದು ನಿನಗೆ ಸಂಕಟ. ಲೆಕ್ಕ ಸುಳ್ಳಾ?… ಅಲ್ವಲ್ಲ. ಮತ್ತೆ ಅದನ್ನ ತಂದು ಅವನ ಮುಂದಿಡು. ನಾನು ಹೇಳಿದ್ರೆ ಏನಾಗುತ್ತೆ? ಅಯ್ಯೋ ಅಂತೀನಿ, ಬೆನ್ನು ಸವರ್ತೀನಿ. ಆಮೇಲೆ ಅವನು ಯಾಕೆ ಅಂತ ಕೇಳ್ತಾನೆ. ಕೇಳೇ ಕೇಳ್ತಾನೆ. ಯಾವ ಬಾಲಿಗೆ ಕೈ ಏಳ್ತಿಲ್ಲ, ಯಾವತ್ತಿಂದ, ತಿದ್ದಿಕೊಳ್ಳೋಕಾಗುತ್ತಾ, ಬೇರೆ ಊರಲ್ಲಿ ಯಾರಾದ್ರೂ ತಗೋತಾರಾ, ಇಲ್ಲಾ ಅಪ್ಪನ ಹತ್ರ ವಾಪಸ್ ಹೋಗಬೇಕಾ? ಅದಕ್ಕೆಲ್ಲ ನನ್ನ ಹತ್ರ ಸಾರನ್ನ ಬಿಟ್ರೆ ಏನಿದೆ? ಉತ್ತರ ಇರೋದು ನಿನ್ನ ಹತ್ರ. ಅಷ್ಟಾದ್ರೂ ಅವನಿಗೆ ಸಲ್ಲಬೇಕಲ್ವಾ…

ಈಗ ಎಲ್ಲಿದ್ದೀಯ?… ಹೇವರ್ಡ್ ದಾಟಿದ್ಯಾ? ಹಾಗಾದ್ರೆ ನಮ್ಮನೆಗೆ ತಿರುಗೋ ಯೂನಿಯನ್ ಸಿಟಿ ಎಕ್ಸಿಟ್ಟು ಇನ್ನೇನು ಬಂತು… ಸ್ಯಾನ್ ಹೊಸೆಗೆ ಹೋಗಿ ನಿಮ್ಮನೆಯಿಂದ ಮೆಸೇಜ್ ಮಾಡ್ತೀಯಾ? ಮೆಸೇಜಾ?…

ನೋಡು, ನೀನೂ ಬ್ಯಾಟು ಹೆಗಲ ಮೇಲಿಟ್ಕೊಂಡು ನಿಂತಿದ್ದೀಯ. ಈ ಬಾಲು ದಾಟಿ ಹೋಗ್ಲಿ, ಹಿಂದೆ ಅಜ್ಜಿ ಹಿಡ್ಕೋತಾಳೆ ಅಂತ. ನನ್ನ ಕೈಲಿ ಆಗಲ್ಲ ಕಣೋ ಇನ್ನು…

ಸಿಟ್ಟು ಮಾಡ್ಕೋತಾನಾ? ಮಾಡ್ಕೊಳ್ಲಿ. ಬಾಗಿಲು ಬಡೀಬಹುದು. ನಮ್ಮನೆ ಬಾಗಿಲು ಗಟ್ಟಿ ಇದೆ… ಬೇಡ, ದಾರೀಲಿ ಮಾತು ಜೋಡಿಸ್ಕೊಂಡು ಬರಬೇಡ. ಬಂದು ಪಕ್ಕದಲ್ಲಿ ಕೂತು ಹೇಳು. ನಾನೂ ಅಲ್ಲೇ ಇರ್ತೀನಿ. ಮಾತಾಡಲ್ಲ, ಆದ್ರೆ ಎದ್ದು ಹೋಗೋದೂ ಇಲ್ಲ…

ಹಲೋ?… ಏನದು, ಟಿಕ್ ಟಿಕ್ ಅಂತಿದೆ?… ಇಂಡಿಕೇಟರಾ?…

ಸರಿ. ಸರಿ ಮಗು. ನಿಧಾನ ಬಾ…

ತಡಿ, ಬಾಗಿಲು ತೆಗೆದ್ರು ಯಾರೋ… ಎಥನ್… ಸುಧನ್ವ ಆನ್ ದಿ ಫೋನ್. ಹಿ ಈಸ್ ಕಮಿಂಗ್. ಟು ಸೀ ಯು… ಯೆಸ್, ಯು…

ಸುಧನ್ವ, ಇದ್ದೀಯಾ? ತಟ್ಟೆ ತಂದ ಕಣೋ. ಮಧ್ಯಾಹ್ನದಿಂದ ನಾನು ಉಂಡಿಲ್ಲ ಅಂತ ಅವನಿಗೆ ಯಾರೂ ಹೇಳಿಲ್ಲ. ಅನ್ನ ಬಿಸಿ ಮಾಡಿದ್ದಾನೆ. ಸಾರು ಮೇಲೆ ಸುರಿದಿಲ್ಲ, ಬಟ್ಟಲಲ್ಲಿ ಬೇರೆ ಇಟ್ಟಿದ್ದಾನೆ. ಚಮಚ ಇಟ್ಟಿಲ್ಲ. ಕೈ ತೊಳೆಯೋಕೆ ಲೋಟದಲ್ಲಿ ನೀರು ಬೇರೆ… ನನ್ನ ಮಡಿಲಿಗೆ ಕೊಟ್ಟು, ಬಾಗಿಲು ಸದ್ದಾಗದ ಹಾಗೆ ಎಳ್ಕೊಂಡು ಒಳಗೆ ಹೋದ… ಹಲೋ?… ಎಕ್ಸಿಟ್ಟು ಇಳಿದ್ಯಾ?… ಸುಧನ್ವ… ಕೇಳಿಸ್ತಿದೆಯಾ…