ಅಪ್ಪಯ್ಯನ ಮೂಲವ್ಯಾಧಿ

...ಗುರುಸಿದ್ದಮ್ಮ, ನನ್ನ ರೋಗದ ವಿಷಯವನ್ನೆಲ್ಲ ನನಗೆ ಮೊದಲು ಹೇಳಿದ್ದು ಮೈಸೂರಿನ ಆಸ್ಪತ್ರೆಯ ವಿನುತಾ ಡಾಕ್ಟರು. ನನ್ನ ಕರುಳಿನಿಂದ ಕೊಯ್ದು ತೆಗೆದ ಗಡ್ಡೆಯನ್ನು ಪರೀಕ್ಷೆ ಮಾಡಿ, ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು. ನೀನೂ ಕೂತ್ಕೋ. ಒಡಹುಟ್ಟಿದ ತಂಗಿಗೆ ಹೇಳದೆ ಇನ್ಯಾರಿಗೆ ಹೇಳಲಿ.

ಮೈಯ ಒಂದೊಂದು ಕಣದಲ್ಲೂ ವಂಶದ ಬರಹ ಇರುತ್ತದಂತೆ, ಡಿಎನ್ಎ ಅಂತ. ಅದರಲ್ಲಿ ಅರ್ಧದ ಹತ್ತಿರ ಅಲೆಮಾರಿ ಚೂರುಗಳು. ಹೆಚ್ಚಿನವು ಸತ್ತ ಹಾಗೆ ಬಿದ್ದಿವೆ; ಕೆಲವಕ್ಕೆ ಇನ್ನೂ ಜೀವ. ತಮ್ಮದೇ ನಕಲು ಮಾಡಿ ಇನ್ನೊಂದು ಕಡೆ ತೂರಿಸುತ್ತವಂತೆ. ಅಲುಗದಿರಲಿ ಅಂತ ಅವುಗಳ ಮೇಲೆ ಸಣ್ಣ ಚಿಲಕಗಳು. ಮಿಥೈಲ್ ಅಂದರು. ನನ್ನ ಗಡ್ಡೆಯಲ್ಲಿ ಆ ಚಿಲಕಗಳು ಕಳಚಿಕೊಂಡು ಅವು ಹರಿದಾಡುತ್ತಿದ್ದವಂತೆ... ಥೂ. ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯದವನು ನಾನು, ನನ್ನ ಹೊಟ್ಟೆಯಲ್ಲಿ ಹೇನು ಹರಿದ ಹಾಗೆ. ಆ ಚೂರುಗಳ ಮೇಲೆ ಹೇಸಿಗೆ ನನಗೆ.

ಯಾಕೆ ನಗ್ತೀಯ? ಹೇನು ಅಂದದ್ದಕ್ಕಾ? ನಗು, ನಗು. ನಿನ್ನ ತಲೆಯದ್ದನ್ನು ಹೆಕ್ಕಿದವನು ನಾನೇ.

ಇನ್ನೊಂದು ಮಾತಿದೆ. ಬರಹ ತಪ್ಪಿದರೆ ತಿದ್ದುವ ಜೀನ್ ಒಂದಿದೆಯಂತೆ. ನನ್ನ ಗಡ್ಡೆಯಲ್ಲಿ ಅದು ಕೆಲಸ ನಿಲ್ಲಿಸಿತ್ತು. ಅಂಥದೇ ಚಿಲಕ ತಪ್ಪಾಗಿ ಅದರ ಮೇಲೆ ಬಿದ್ದು ಅದು ನಿಂತಿದ್ದರೆ ಹೆಚ್ಚಾಗಿ ನನ್ನೊಬ್ಬನ ಪಾಡು. ಬಿದ್ದಿರದಿದ್ದರೆ ಹುಟ್ಟಿನಿಂದಲೇ ಬಂದಿರಬಹುದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನದರಲ್ಲಿ ಬಿದ್ದಿತ್ತು. ನಿನಗೇನೂ ಭಯವಿಲ್ಲ.

ಯಾಕೆ ತಟ್ಟೆ ಆಚೆ ಸರಿಸಿದೆ?

ಅದೇನು, ಎಲ್ಲರಿಗೂ ಸೊಪ್ಪಿನ ಸಾರು, ನಿನ್ನ ತಟ್ಟೆಯಲ್ಲಿ ಮಾತ್ರ ಸುವರ್ಣಗೆಡ್ಡೆ? ಅದನ್ನು ಮೂಲವ್ಯಾಧಿಗಲ್ಲವಾ ತಿನ್ನೋದು... ರಕ್ತ ಹೋಗ್ತಿದೆಯಾ? ಎಷ್ಟು ದಿನದಿಂದ? ತಲೆ ಎತ್ತು ತಾಯಿ. ಮೂರು ಬೆರಳು ತೋರಿಸ್ತೀಯಲ್ಲ, ಮೂರು ದಿನವಾ... ತಿಂಗಳಾ?

ಶಿವನೇ.

ಹಾಗೆ ನೋಡಬೇಡ. ಆಗ ಹೇಳಿದ್ದು ಸುಳ್ಳು, ಚಿಲಕ ಬಿದ್ದಿರಲಿಲ್ಲ, ಗುರುಸಿದ್ದಮ್ಮ. ರಕ್ತದ ಪರೀಕ್ಷೆಯಲ್ಲೂ ಹುಟ್ಟಿನದ್ದೇ ಅಂತ ಬಂತು. ತಂಗಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ, ಅವಳಿಗೆ ಕೊಡಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟು ನಾಲ್ಕು ತಿಂಗಳಾಯಿತು. ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಕೆಳಗೆ ಇಟ್ಟಿದ್ದೆ. ಏಳು ಸೋಮವಾರ ಪಾದೋದಕ ತಗೊಂಡು ಆಮೇಲೆ ತಿಳಿಸೋಣ ಅಂದುಕೊಂಡೆ. ಏಳು ಮುಗಿಯಿತು, ಮತ್ತೆ ಏಳು ಹಿಡಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ರೋಗ ಇತ್ತಾ ಅಂತ ಡಾಕ್ಟರು ಕೇಳಿದಾಗ ಇಲ್ಲ ಅಂದೆ. ಇತ್ತು. ಅಪ್ಪಯ್ಯನ ಪಂಚೆಯನ್ನು ಬೆಳಕು ಹರಿಯೋ ಮೊದಲು ಹೊಳೆಗೆ ಒಯ್ದು ಒಗೆಯುತ್ತಿದ್ದವನು ನಾನು. ಆ ಕಪ್ಪು ರಕ್ತ, ಆ ನಾತ... ನಿಜ ಗೊತ್ತಿದ್ದೂ ಊರಿಗೆ, ಅವ್ವನಿಗೆ, ನಿನಗೆ, ಎಲ್ಲರಿಗೂ ಮೂಲವ್ಯಾಧಿ ಅಂದೆ. ಮಠದಲ್ಲಿ ಎಲ್ಲರೂ ಎದ್ದು ನಿಂತು ಶರಣು ಅನ್ನುತ್ತಿದ್ದ ಮನುಷ್ಯನಿಗೆ ಇಂಥ ರೋಗ ಅಂತ ಹೇಗೆ ಬಾಯಿಬಿಡಲಿ? ಅಲೆಮಾರಿ ಚೂರುಗಳ ಮೇಲೆ ಹೇಸಿಗೆ ಅಂದೆನಲ್ಲ, ಸುಳ್ಳು. ಈ ಬಾಯಿಯ ಮೇಲೆ ಹೇಸಿಗೆ ನನಗೆ.

ಬೈಯಿ. ಅಳಬೇಡ, ಬೈಯಿ.

ನಾಳೆ ಮೊದಲನೇ ಬಸ್ಸಿಗೆ ಮೈಸೂರಿಗೆ ಹೊರಡೋಣ, ಇಬ್ಬರೂ. ಹೊರಡೋ ಮೊದಲು ನಿನ್ನ ಮಕ್ಕಳಾದ ಕಿರಣ್‌ಕುಮಾರನನ್ನೂ ಸೌಜನ್ಯಳನ್ನೂ ಕರೆದು ಹೇಳು, ಅಜ್ಜನಿಗೆ ಇದ್ದದ್ದು ಕರುಳಿನ ಕ್ಯಾನ್ಸರ್ ಅಂತ. ಮಾವ ಮುಚ್ಚಿಟ್ಟ ಅನ್ನೋದನ್ನೂ ಬಿಡದೆ ಹೇಳು. ಅವರು ತಮ್ಮ ಮಕ್ಕಳಿಗೆ ಹೇಳಲಿ.